ಬಾನೆಟ್ಟಿನ ಮೇಲಿನ ನೆಗ್ಗು

ನನ್ನ ಗಂಡ ನನ್ನ ಮೇಲೆ ಕೈ ಎತ್ತುವವರಲ್ಲ ಎಂದು ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ದೊಡ್ಡ ಹೆಸರು. ಎದುರು ಮನೆಯವಳು ತನ್ನ ಗಂಡನಿಗೆ ಬುದ್ಧಿ ಹೇಳುವಾಗಲೆಲ್ಲ ಇವರನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದಳು. ನಮ್ಮ ಮಾವ ಅತ್ತೆಯನ್ನು ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದರಂತೆ. ಅದನ್ನು ಕಣ್ಣಾರೆ ಕಂಡು ಬೆಳೆದ ಇವರು, ಹೆಂಗಸಿನ ಮೇಲೆ ಕೈ ಮಾಡುವುದಿಲ್ಲ ಎಂದು ಅಮ್ಮನ ತಲೆ ಮುಟ್ಟಿ ಆಣೆ ಇಟ್ಟಿದ್ದರು. ಆಣೆಯನ್ನು ಉಳಿಸಿಕೊಂಡರು, ಅಪ್ಪನ ಸಿಟ್ಟನ್ನೂ ಉಳಿಸಿಕೊಂಡರು. ಅದೆಲ್ಲ ಹೋಗಿ ಬೀಳುತ್ತಿದ್ದದ್ದು ನಮ್ಮ ಬಿಳಿ ಕಾರಿನ ಮೇಲೆ.

ಯಾರೋ ಓಡಿಸಿ ಬಿಟ್ಟ ಕಾರನ್ನು ನಾವು ಕೊಂಡಿದ್ದೆವು. ಎಷ್ಟೋ ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಇವರು ಇಳಿದು ಬಾನೆಟ್ಟಿಗೆ ಗುದ್ದುತ್ತಿದ್ದರು, ಉಸಿರು ಮೇಲಕ್ಕೆ ಹತ್ತುವವರೆಗೆ ಗುದ್ದುತ್ತಿದ್ದರು. ಕೆಲಮಂಗಲದ ರಸ್ತೆಯಲ್ಲಿ ರೇಡಿಯೇಟರ್ ಕುದ್ದು ಹಬೆ ಎದ್ದಾಗ ಬಾಗಿಲಿಗೆ ಒದ್ದರು. ವೈಪರ್ ಕಿರುಗುಟ್ಟಿತು ಎಂದು ಅದನ್ನು ಬುಡಸಮೇತ ಕಿತ್ತು ಚರಂಡಿಗೆ ಎಸೆದರು. ಅಷ್ಟು ಹೊತ್ತೂ ನಾನೂ ಮಗಳೂ ಒಳಗೇ ಕೂತಿರುತ್ತಿದ್ದೆವು. ಗಾಜಿನ ಆಚೆ ಮುಷ್ಟಿ ಮೇಲೇಳುತ್ತಿತ್ತು, ತಗಡು ಗುಡುಗುತ್ತಿತ್ತು, ಸೀಟು ಅದುರುತ್ತಿತ್ತು. ಮಗಳು ಕಿವಿ ಮುಚ್ಚಿಕೊಂಡು ನನ್ನ ತೊಡೆಗೆ ಮುಖ ಒತ್ತುತ್ತಿದ್ದಳು. ನಾನು ಆ ಮುಷ್ಟಿಯನ್ನೇ ನೋಡುತ್ತಿದ್ದೆ. ಅದಕ್ಕೂ ನಮಗೂ ನಡುವೆ ಇದ್ದದ್ದು ಒಂದು ಗಾಜು ಮತ್ತು ಒಂದು ಆಣೆ. ಎರಡರಲ್ಲಿ ಯಾವುದು ಮೊದಲು ಒಡೆಯುತ್ತದೋ ಎಂದು ನನಗೆ ಭಯವಾಗುತ್ತಿತ್ತು.

ಅತ್ತೆಯ ಹತ್ತಿರ ಒಮ್ಮೆ ಹೇಳಿಕೊಂಡೆ. “ಕಾರ್‌ಗೆ ತಾನೆ ಹೊಡೀತಾನೆ, ನಿಂಗಲ್ವಲ್ಲ. ಪುಣ್ಯ ಮಾಡಿದ್ದೀಯ ಕಣೆ,” ಅಂದರು. ಹಾಗೆನ್ನುವಾಗ ಅವರ ಮುಂದಿನ ಹಲ್ಲುಗಳ ಜಾಗ ಖಾಲಿ ಕಾಣುತ್ತಿತ್ತು. ಅವು ವಯಸ್ಸಾಗಿ ಬಿದ್ದ ಹಲ್ಲುಗಳಲ್ಲ.

ಆಗ ನನಗೊಂದು ದಡ್ಡ ಯೋಚನೆ ಬಂತು. ಕಾರು ಕೆಡದಿದ್ದರೆ ಇವರು ಹೊಡೆಯುವುದಾದರೂ ಯಾತಕ್ಕೆ? ಇವರು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರು, ಕಾರು ಮನೆ ಮುಂದೆಯೇ ನಿಂತಿರುತ್ತಿತ್ತು. ಬೀದಿ ಕೊನೆಯ ಮೆಕ್ಯಾನಿಕ್ಕನ ಪಕ್ಕ ನಿಂತು, ಅವನ ತಮಿಳು ಬೈಗುಳಗಳ ಸಮೇತ ಕೆಲಸ ಕಲಿತೆ. ಕಾರು ಹೊರಡದಿದ್ದದ್ದು ಬ್ಯಾಟರಿಯ ತುದಿಗಳಲ್ಲಿ ಕೂತ ಬಿಳಿ ಪುಡಿಯಿಂದ. ಅದನ್ನು ಬಿಸಿನೀರಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಸವರಿದೆ. ರೇಡಿಯೇಟರಿನ ರಬ್ಬರ್ ಪೈಪಿಗೆ ಹೊಸ ಕ್ಲಿಪ್ಪು ಬಿಗಿದೆ. ಇಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎನ್ನುವುದನ್ನು ಮಾತ್ರ ಮೊಣಕೈ ಸುಟ್ಟುಕೊಂಡು ಕಲಿತೆ. ಚರ್ಮ ಸುಲಿದು ಬಂತು. ಅಡುಗೆಯಲ್ಲಿ ಎಣ್ಣೆ ಸಿಡಿಯಿತು ಎಂದು ಮನೆಯಲ್ಲಿ ಸುಳ್ಳು ಹೇಳಿದೆ.

ಕಾರು ಸರಿಹೋಯಿತು. ಕೀ ಮುಟ್ಟಿದರೆ ಸಾಕು, ಹೊರಡುತ್ತಿತ್ತು. ಆದರೆ ಮನೆಯೊಳಗೆ ಲೋಟಗಳು ಹಾರತೊಡಗಿದವು. ಬಚ್ಚಲ ಬಾಗಿಲು ಒಂದೇ ಒದೆತಕ್ಕೆ ಸೀಳಿತು. ಮಗಳು ಊಟಕ್ಕೆ ಕೂತವಳು ಅಪ್ಪನ ಚಪ್ಪಲಿ ಸದ್ದಾದರೆ ತಟ್ಟೆ ಬಿಟ್ಟು ಏಳುತ್ತಿದ್ದಳು. ಸಿಟ್ಟು ಕಾರಿನಿಂದ ಹುಟ್ಟುತ್ತದೆ ಎಂದು ನಂಬಿ ಕೂತಿದ್ದ ನನಗೆ ಇಷ್ಟೆಲ್ಲ ಕಂಡರೂ ತಲೆಗೆ ಹೋಗಲಿಲ್ಲ.

ಅದೊಂದು ಭಾನುವಾರ ಕೆಲಮಂಗಲದಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಮುಂದಿನ ಚಕ್ರ ಪಂಕ್ಚರ್ ಆಗಿದ್ದನ್ನು ಕಂಡು ನಾನೇ ಬೇಗ ಎದ್ದು ಸ್ಟೆಪ್ನಿ ಹಾಕಿ, ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುತ್ತಿದ್ದೆ. ಹಿಂದಿನ ದಿನ ಸೂಪರ್‌ವೈಸರ್ ಇವರನ್ನು ಎಲ್ಲರೆದುರು ಬೈದಿದ್ದನಂತೆ. ಹೊರಗೆ ಬಂದವರು ಕಾರು ಹತ್ತಿ ಕೀ ತಿರುಗಿಸಿದರು. ಹೊರಟಿತು. ಆರಿಸಿ ಮತ್ತೆ ತಿರುಗಿಸಿದರು. ಮತ್ತೂ ಹೊರಟಿತು. ಇಳಿದು ಸುತ್ತಲೂ ಒಂದು ಸುತ್ತು ಬಂದರು. ಟೈರಿಗೆ ಒದ್ದು ನೋಡಿದರು, ಗಾಳಿ ಗಟ್ಟಿಯಾಗಿತ್ತು. ಬಾನೆಟ್ ಎತ್ತಿ ನೋಡಿ ಧಡಾರನೆ ಹಾಕಿದರು. ಒಂದು ತಪ್ಪಿಗಾಗಿ ಹುಡುಕುತ್ತಿದ್ದರು. ಕಾರಿನಲ್ಲಿ ಸಿಗಲಿಲ್ಲ, ನಾನು ಸಿಕ್ಕಿದೆ.

“ನನ್ ಗಾಡಿ ಮುಟ್ಟು ಅಂತ ನಿಂಗ್ಯಾವನೇ ಹೇಳಿದ್ದು?”

ನಾನು ಎದ್ದು ನಿಲ್ಲುವುದರೊಳಗೆ ಕೆನ್ನೆಗೆ ಬಿತ್ತು. ತಲೆ ಹೋಗಿ ಬಾಗಿಲ ಅಂಚಿಗೆ ಬಡಿಯಿತು, ಬಾಯಿ ತುಂಬ ರಕ್ತ. ಮೆಟ್ಟಿಲ ಮೇಲೆ ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಹಿಂದೆ ಅತ್ತೆ, ಬಾಯಿಗೆ ಸೆರಗು ತುರುಕಿಕೊಂಡು. ಇವರು ಹೊಡೆದ ಬಲಗೈಯನ್ನು ಬಾನೆಟ್ಟಿನ ಮೇಲೆ ಊರಿ ಎಂದಿನ ಹಾಗೆ ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಎರಡೂ ಕೈಯಲ್ಲಿ ಎತ್ತಿ ಇಳಿಸಿದೆ. ಬಿಳಿ ಬಣ್ಣ ಚೂರುಚೂರಾಗಿ ಹಾರಿತು. ಇವರು ಕೈ ಎಳೆದುಕೊಂಡಿದ್ದರು, ಬೆರಳಿದ್ದ ಜಾಗದಲ್ಲಿ ತಗಡು ಒಳಕ್ಕೆ ಹೋಗಿತ್ತು.

“ಇನ್ನೊಂದ್ಸಲ ಕೈ ಎತ್ ನೋಡು,” ಅಂದೆ.

ಮೇಲೆ ನಾನು ಬರೆದ ಬಹುವಚನವೆಲ್ಲ ಆ ಕ್ಷಣದವರೆಗಿನದು. ಆಮೇಲೆ ನನ್ನ ಬಾಯಿಂದ ಅದು ಹೊರಟಿಲ್ಲ. ಅತ್ತೆ ಕೂಡ ತಿದ್ದಲು ಬರಲಿಲ್ಲ. ಅವನು ಮತ್ತೆ ಕೈ ಎತ್ತಿಲ್ಲ, ನನ್ನ ಮೇಲೂ ಕಾರಿನ ಮೇಲೂ. ಬೀದಿಯವರು ಮಾತ್ರ, ಗಂಡನ ಹಾಗೇ ಇವಳೂ ಪಾಪದ ಕಾರಿನ ಮೇಲೆ ತೀರಿಸಿಕೊಂಡಳು ಎಂದು ನಕ್ಕರು. ನಗಲಿ ಎಂದು ಬಿಟ್ಟೆ.

ಮಳೆಗಾಲಕ್ಕೆ ಮುಂಚೆ ನೆಗ್ಗು ತೆಗೆಸಲು ಕಾರನ್ನು ಟಿಂಕರಿಂಗಿಗೆ ಕೊಟ್ಟೆವು. ಟಿಂಕರಿನವನು ಒಂದೊಂದೇ ನೆಗ್ಗಿಗೆ ಬೆರಳಿಟ್ಟು ನೋಡುತ್ತ ಬಂದು, ಆಳವಾದದ್ದರ ಹತ್ತಿರ ನಿಂತು, ಇದರ ಮೇಲೆ ಏನು ಬಿತ್ತು ಎಂದು ತಮಿಳಿನಲ್ಲಿ ಕೇಳಿದ. ನನ್ನ ಗಂಡ ಅತ್ತಿತ್ತ ನೋಡಿ, “ನಾನೇ, ಕೋಪ್ದಾಗೆ ಗುದ್ಬುಟ್ಟೆ,” ಅಂದ.

“ಅವ್ನಲ್ಲ, ನಾನು,” ಅಂದೆ. “ಅವ್ನ್ ಕೈಗೆ ಹೊಡ್ದೆ. ತಪ್ಪೋಗಿ ಇಲ್ಲಿ ಬಿತ್ತು.”

ಟಿಂಕರಿನವನು ತಮಾಷೆ ಎಂದುಕೊಂಡು ನಕ್ಕ. ನನ್ನ ಗಂಡ ಬಲಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡ.