ಕಡಕ್ ಮಡಿ

ಸೇಡಂನ ನಮ್ಮ ಓಣಿಯಲ್ಲಿ ನನ್ನ ಮಡಿಗೆ ದೊಡ್ಡ ಹೆಸರಿದೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಗಳದ ಮೇಲೆ ಒಣಹಾಕಿದ ಮಡಿಸೀರೆ ಉಟ್ಟುಕೊಂಡರೆ ಮುಗಿಯಿತು, ಮನೆಯವರು ಯಾರೂ ನನ್ನನ್ನು ಮುಟ್ಟುವಂತಿಲ್ಲ. ಅಡುಗೆ, ನೈವೇದ್ಯ, ಊಟ ಆದ ಮೇಲೆ ಉಳಿದ ಹೆಂಗಸರು ಮಡಿ ಬಿಡುತ್ತಾರೆ. ನಾನು ಬಿಡುವುದಿಲ್ಲ. ಊಟವನ್ನೂ ಬಿಟ್ಟು ಸಂಜೆ ದೀಪ ಹಚ್ಚುವವರೆಗೆ ದೇವರಮನೆಯಲ್ಲೇ ಕೂತಿರುತ್ತೇನೆ.

"ವೈನಿ, ಈ ಕಾಲದಾಗ ಇಂಥಾ ಕಡಕ್ ಮಡಿ ಯಾರ್ ಮಾಡ್ತಾರ್ರಿ?" ಎನ್ನುತ್ತಾರೆ ಪಕ್ಕದ ಮನೆಯವರು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಆದರೆ ದೇವರಮನೆಯಲ್ಲಿ ಜಪವೂ ಇಲ್ಲ, ತಪವೂ ಇಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಬೆಳಿಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಶಹಾಬಾದ ಪರ್ಸಿಕಲ್ಲು ಹೇರಿದ ಹಾಗಿರುತ್ತದೆ. ಯಾರ ಮಾತೂ ಬೇಡ, ಯಾರ ಮುಖವೂ ಬೇಡ. ಹಾಸಿಗೆಯಲ್ಲಿ ಮಲಗಿದರೆ ಏನಾಯಿತೆಂದು ಕೇಳುತ್ತಾರೆ, ಮಡಿಯಲ್ಲಿ ಕೂತರೆ ಕೈ ಮುಗಿಯುತ್ತಾರೆ. ಒಳ್ಳೆಯ ಜಾಗ ಸಿಕ್ಕಿತೆಂದು ಒಳಗೆ ಹೋದವಳಿಗೆ ಈಗ ಹೊರಗೆ ಬರಲು ದಾರಿಯೇ ಇಲ್ಲ.

ಒಮ್ಮೆ ಸಂಜೆ ದೀಪ ಹಚ್ಚಿ ಮಡಿ ಬಿಟ್ಟ ಮೇಲೆ ಧೈರ್ಯ ಮಾಡಿ ಗಂಡನಿಗೆ ಹೇಳಿದೆ. ಅವರು ಚಿತ್ತಾಪುರದಲ್ಲಿ ಮೇಷ್ಟ್ರು, ಆಗಷ್ಟೇ ಶಾಲೆಯಿಂದ ಬಂದಿದ್ದರು.

"ನನ್ನ ಮನಸ್ಸಿಗೆ ಆರಾಮಿಲ್ಲರಿ. ಡಾಕ್ಟರಿಗೆ ತೋರಸ್ರಿ."

ಅವರು ಚಹಾ ಊದಿಕೊಳ್ಳುತ್ತ ನಕ್ಕರು. "ದಿನಾ ದೇವರ ಮುಂದ ಕೂಡ್ತಿ, ನಿನಗೇನಾಗ್ಯದ? ನಿನ್ನ ಶಾಂತಿ ನಮಗ ಬರಬೇಕು ನೋಡು."

ನನಗೆ ಮೈಯೆಲ್ಲ ಉರಿಯಿತು. ನಿಮಗೇ ಬರಲಿ ಎಂದು ಮನಸ್ಸಿನಲ್ಲೇ ಬೈದು ಕಪ್ಪು ತೆಗೆದುಕೊಂಡು ಒಳಗೆ ಹೋದೆ.

ಮೊನ್ನೆ ಮಧ್ಯಾಹ್ನ ನಾನು ದೇವರಮನೆಯಲ್ಲಿದ್ದಾಗ, ನನ್ನ ಸಣ್ಣ ಮಗಳು ಪಡಸಾಲೆಯ ಮೂಲೆಯಲ್ಲಿ ನನ್ನ ಹಳೇ ಸೀರೆ ಸುತ್ತಿಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದು ಬಾಗಿಲಿನಿಂದ ಕಂಡಿತು. ಅತ್ತೆ ಹತ್ತಿರ ಹೋದರೆ ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡಜ್ಜಿ, ನಾ ಮಡಿ."

"ನಮ್ಮವ್ವ! ಜಪ ಮಾಡ್ಲಿಕತ್ತೀಯೇನ?"

"ಇಲ್ಲಜ್ಜಿ. ಅಮ್ಮನಂಗ ಅಳ್ಲಿಕತ್ತೀನಿ."

ಅತ್ತೆ ನಕ್ಕುಬಿಟ್ಟರು. ನಾನು ಮಡಿಯಲ್ಲೇ ಓಡಿಹೋಗಿ ಮಗಳನ್ನು ಎತ್ತಿಕೊಂಡೆ. ಬಿಕ್ಕಿ ಬಿಕ್ಕಿ ಅಳು ಬಂತು, ತಡೆಯಲಿಲ್ಲ. ಒಬ್ಬರಾದರೂ ನೋಡಲಿ ಎಂದುಕೊಂಡೆ. ಮಗಳು ಎರಡೂ ಕೈಯಿಂದ ನನ್ನ ಕೊರಳು ತಬ್ಬಿ ಹಿಡಿದಳು.

ಅತ್ತೆ ನನ್ನನ್ನೇ ನೋಡಿದರು. ಅವರ ಮುಖ ಮೆತ್ತಗಾಯಿತು.

"ಮಡಿ ಕೆಟ್ಟದ್ದಕ್ಕ ಯಾಕಿಷ್ಟು ಅಳ್ತೀಯವ್ವ? ಹೋಗು, ಇನ್ನೊಮ್ಮೆ ಸ್ನಾನ ಮಾಡಿ ಬಾ."

ಕೊರಳಿನಿಂದ ಮಗಳ ಕೈ ಬಿಡಿಸಿಕೊಂಡು ಬಚ್ಚಲಿಗೆ ಹೋದೆ.