ಅಣ್ಣ ಬರಲಿ

ಪಕ್ಕದ ತೋಟದವರು ತೆಂಗಿನ ಮಟ್ಟೆಗೆ ಬೆಂಕಿ ಹಾಕಿ ಕಡಜ ಓಡಿಸುತ್ತಿದ್ದಾರೆ. ಹೊಗೆ ನನ್ನ ಕಿಟಕಿಗೂ ಬಂತು. ಬೇರೆಯವರಿಗಾದರೆ ಕಣ್ಣುರಿ, ನನಗೆ ಹೊಟ್ಟೆಯುರಿ. ಬಿಳಿಗೆರೆಯ ನಮ್ಮ ತೋಟದಲ್ಲಿ ಗರಿ ಆಯಲು ಹೋದ ಅತ್ತೆಗೆ, ಅಂದರೆ ನಮ್ಮಪ್ಪನ ತಂಗಿಗೆ, ಕಡಜ ಮುತ್ತಿದ ದಿನ ನೆನಪಾಗುತ್ತದೆ.

ಅತ್ತೆಯ ವಿಷಯಕ್ಕೆ ಮೊದಲು ದೊಡ್ಡಪ್ಪನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಯಾವುದಕ್ಕೂ ದೊಡ್ಡಪ್ಪನೇ ಮೊದಲು. ಕಾಯಿ ಕೀಳಿಸುವ ದಿನ, ಹಸು ಮಾರುವ ಮಾತು, ಹುಡುಗಿಗೆ ಗಂಡು, ಗೋಡೆಗೆ ಬಣ್ಣ, ಎಲ್ಲಕ್ಕೂ "ಅಣ್ಣ ಬರಲಿ." ನನ್ನ ಮೀಸೆಯೊಂದು ಅಪ್ಪಣೆಯಿಲ್ಲದೆ ಬೆಳೆಯಿತು, ಅದೂ ಸರಿಯಾಗಿ ಬೆಳೆಯಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಪಾಪ, ಅದು ಅವರು ಕೇಳಿ ಪಡೆದ ಪಟ್ಟವಲ್ಲ. ನಾವೇ ಕೂರಿಸಿ, ನಾವೇ ಕೈಕಟ್ಟಿ ನಿಲ್ಲುತ್ತೇವೆ. ಇನ್ನೊಂದು ಪದ್ಧತಿಯೂ ಇದೆ: ದಾರಿಯಲ್ಲಿರುವ ಹಿರಿಯರಿಗೆ ಕೆಟ್ಟ ಸುದ್ದಿ ಹೇಳಬಾರದು.

ಆ ದಿನ ದೊಡ್ಡಪ್ಪನನ್ನು ಮಾಯಸಂದ್ರದ ಒಂದು ನಾಮಕರಣಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಊಟ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ಫೋನು ಬಂತು.

"ಅಕ್ಕಂಗೆ ಒಸಿ ಹುಷಾರಿಲ್ಲ ಕಣ್ಲಾ. ಗಾಬ್ರಿ ಏನಿಲ್ಲ. ತಿಪಟೂರು ಆಸ್ಪತ್ರೆಗೆ ಅಣ್ಣನ್ನ ಕರ್ಕಂಡ್ ಬಾ."

ಗಾಬರಿ ಏನಿಲ್ಲ ಅಂದರಲ್ಲ, ನಾವೂ ಗಾಬರಿಯಾಗಲಿಲ್ಲ. ತುರುವೇಕೆರೆಯಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿದೆವು. ಸಕ್ಕರೆ ಕಡಿಮೆಯಾಯಿತೆಂದು ದೊಡ್ಡಪ್ಪ ಇನ್ನೊಂದು ಚಮಚ ಹಾಕಿಸಿಕೊಂಡರು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ನಡೆದದ್ದನ್ನು ಚಿಕ್ಕಮ್ಮ ಆಮೇಲೆ ಹೇಳಿದರು. ಅತ್ತೆಯ ನಾಲಿಗೆ, ಗಂಟಲು ಊದಿ ಉಸಿರು ಕಟ್ಟುತ್ತಿತ್ತು. ಇಂಜೆಕ್ಷನ್ನಿಗೂ ಊತ ಇಳಿಯಲಿಲ್ಲ. ಬಾಯಿಂದ ಕೊಳವೆ ಒಳಗೆ ಹೋಗಲಿಲ್ಲ. "ಕುತ್ತಿಗೆ ಮುಂದೆ ಸಣ್ಣದಾಗಿ ಕುಯ್ದು ಅಲ್ಲಿಂದ ಉಸಿರು ಕೊಡ್ಬೇಕು, ಈಗ್ಲೇ" ಎಂದರಂತೆ ಡಾಕ್ಟರಮ್ಮ. ಚಿಕ್ಕಪ್ಪ ಮಂಚಕ್ಕೆ ಅಡ್ಡ ನಿಂತರು.

"ಕತ್ತು ಕುಯ್ಯೋ ಕೆಲ್ಸ ಕಣ್ರೀ. ಅಣ್ಣ ಬರ್ಲಿ. ಇನ್ನೇನ್ ಬಂದ್ಬುಡ್ತಾರೆ."

"ಅವ್ರು ಬರೋವರ್ಗೂ ಇವ್ರು ಇರಲ್ಲ ಕಣ್ರೀ!"

ಕೊನೆಗೆ ಆಕೆ ಚಿಕ್ಕಪ್ಪನನ್ನು ತಳ್ಳಿಯೇ ಕುಯ್ದರು. ಉಸಿರು ಬಂತು. ಆದರೆ ಅಷ್ಟು ಹೊತ್ತಿಗೆ ಅತ್ತೆಯ ಮಿದುಳು ಉಸಿರಿಗೆ ಕಾದು ಕಾದು ಸೋತಿತ್ತು.

ನಾವು ಹೋದಾಗ ಅತ್ತೆಯ ಕುತ್ತಿಗೆಯ ಕೊಳವೆ ಸುಯ್ ಸುಯ್ ಎನ್ನುತ್ತಿತ್ತು. ಎಲ್ಲ ಕೇಳಿದ ದೊಡ್ಡಪ್ಪ ತಮ್ಮನ ಹೆಗಲು ಹಿಡಿದು ಅಲುಗಿಸಿದರು.

"ನಾನು ಬ್ಯಾಡ ಅಂತಿದ್ನೇನ್ಲಾ? ಫೋನಲ್ಲೇ ಒಂದ್ ಮಾತು ಕೇಳಕ್ಕಾಗ್ಲಿಲ್ವಾ?"

"ದಾರೀಲಿ ಹೆಂಗಣ್ಣ ಹೇಳದು? ನಿಂಗೆ ಗಾಬ್ರಿ ಆಗಲ್ವಾ?"

ಇಂಥ ಮರ್ಯಾದೆಗೆ ಬೆಂಕಿ ಬೀಳಲಿ. ಈಗ ನೆಂಟರ ಬಾಯಲ್ಲಿ ಕಥೆಯೇ ಬೇರೆ: ಡಾಕ್ಟರಮ್ಮ ಕತ್ತು ಕುಯ್ದದ್ದಕ್ಕೇ ಹೀಗಾಯಿತಂತೆ. ಅದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಇವತ್ತು ಕೂತಲ್ಲಿ ಕೂರಲಾಗದೆ ದೊಡ್ಡಪ್ಪನ ಮನೆಗೆ ಹೋದೆ. ಅತ್ತೆ ಜಗಲಿಯಲ್ಲಿದ್ದರು. ಕೊಳವೆ ತೆಗೆದ ಗಾಯ ಮಾಗಿದೆ, ಉಸಿರು ಸರಾಗವಾಗಿದೆ, ಯಾರ ಗುರುತೂ ಇಲ್ಲ, ಮಾತೂ ಇಲ್ಲ. ದೊಡ್ಡಪ್ಪ ತಟ್ಟೆ ಹಿಡಿದು ತಂಗಿಯ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಮುದ್ದೆ ಉಣ್ತೀಯೋ, ಅನ್ನ ಉಣ್ತೀಯೋ? ನೀನೇ ಹೇಳವ್ವ."

ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಇಷ್ಟು ದಿನ ದೊಡ್ಡಪ್ಪನ ಮೇಲೂ ಒಂದು ಪಾಲು ಸಿಟ್ಟು ಇಟ್ಟುಕೊಂಡಿದ್ದೆ. ಅದು ಅಲ್ಲೇ ಕರಗಿಹೋಯಿತು.

"ಮುದ್ದೆ ಆರ್ತಾ ಐತೆ ದೊಡ್ಡಪ್ಪ, ತಿನ್ಸಿ" ಎಂದೆ.

"ಇರ್ಲಾ," ಎಂದರು. "ಅವ್ಳು ಹೇಳ್ಲಿ."