ಫಿಲ್ಟರ್ ಮೇಷ್ಟ್ರು ಬಿಚ್ಚಿ ಕಟ್ಟಿದ ರಿಸೀವರ್

ನಮ್ಮ ಪಾಲಿಟೆಕ್ನಿಕ್ಕಿನ ರೇಡಿಯೊ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರನ್ನು ನಾವೆಲ್ಲ ‘ಫಿಲ್ಟರ್ ಮೇಷ್ಟ್ರು’ ಎಂದೇ ಕರೆಯುತ್ತ ಬಂದಿದ್ದೇವೆ. ಹವ್ಯಾಸಿ ರೇಡಿಯೊಗಳನ್ನು ಕೈಯಾರೆ ಕಟ್ಟುವವರು ಹಲವರಿದ್ದರೂ, ಬೇಕಾದ ತರಂಗಪಟ್ಟಿಯನ್ನಷ್ಟೇ ಒಳಬಿಟ್ಟು ಬೇಡದ್ದನ್ನು ಬಾಗಿಲಲ್ಲೇ ತಡೆಯುವ ಫಿಲ್ಟರಿನ ಸುರುಳಿಗಳನ್ನು ಅವರಷ್ಟು ಅಚ್ಚುಕಟ್ಟಾಗಿ ಸುತ್ತಬಲ್ಲವರನ್ನು ನಾನು ಕಂಡಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ ಅವರ ರಿಸೀವರಿನಲ್ಲಿ ಐದು ಫಿಲ್ಟರುಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗಲು ಹಳೆಯದೊಂದು ತಿರುಗುವ ಸ್ವಿಚ್ಚು. ಪ್ರತಿ ತಿರುವಿಗೂ ಟಕ್ ಎನ್ನುತ್ತಿದ್ದ ಅದು ಸವೆದು, ಜೊತೆಗೆ ಕರಕರ ಎಂದೂ ಸದ್ದು ಮಾಡುತ್ತಿತ್ತು. ಹೊಸ ಹುರುಪಿನಲ್ಲಿದ್ದ ನಾನು, ಆ ಸ್ವಿಚ್ಚಿನ ಬದಲು ಡಯೋಡುಗಳನ್ನು ಹಾಕಿದರೆ ಸದ್ದಿಲ್ಲದ ಒಂದೇ ಗುಂಡಿ ಸಾಕೆಂದು ದುಂಬಾಲು ಬಿದ್ದೆ. ಹಿರಿಯರೆಂಬ ಹಮ್ಮಿಲ್ಲದೆ ಅವರು ಒಪ್ಪಿದರು. ಮೂರು ವಾರ ಇಬ್ಬರೂ ಬೆಸುಗೆ ಹಾಕಿದೆವು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಫಿಲ್ಟರುಗಳು ಬದಲಾದವು, ನಾನು ಬೀಗಿದೆ.

ಕಣ್ಣು ಕಾಣದ ನಮ್ಮ ಟೆಲಿಫೋನ್ ಆಪರೇಟರ್ ಅಕ್ಕ, ಹವ್ಯಾಸಿ ರೇಡಿಯೊ ಪರವಾನಗಿಯ ಪರೀಕ್ಷೆಗೆಂದು ಪ್ರತಿ ಸಂಜೆ ಆ ರಿಸೀವರಿನ ಮುಂದೆ ಕೂತು ಮೋರ್ಸ್ ಸಂಕೇತಗಳನ್ನು ಕೇಳುತ್ತಿದ್ದರು. ಆ ವಾರ ಅವರು ಬರುವುದನ್ನು ನಿಲ್ಲಿಸಿದರು. ನಾನು ಗಮನಿಸಲೇ ಇಲ್ಲ. ಮೇಷ್ಟ್ರು ಎರಡನೇ ದಿನವೇ ನನ್ನನ್ನೂ ಕರೆದುಕೊಂಡು ಅವರ ಕೋಣೆಗೆ ಹೋದರು.

“ಏನಿಲ್ಲ ಸಾರ್, ಚೆನ್ನಾಗೇ ಮಾಡಿದ್ದೀರಿ,” ಎಂದರು ಅಕ್ಕ. “ಮೊದಲು ಟಕ್ ಟಕ್ ಅಂತ ಎಣಿಸ್ಕೊಂಡು ಹೋಗ್ತಿದ್ದೆ. ಈಗ ಯಾವ ಫಿಲ್ಟರಲ್ಲಿ ಇದ್ದೀನಿ ಅಂತಾನೇ ಗೊತ್ತಾಗಲ್ಲ. ಪದೇ ಪದೇ ನಿಮ್ಮನ್ನ ಕೇಳೋಕೆ ಸಂಕೋಚ.”

ಪರೀಕ್ಷೆಗೆ ಇನ್ನೊಂದೇ ತಿಂಗಳಿತ್ತು. ನನ್ನ ತಲೆ ತಾನಾಗಿ ತಗ್ಗಿತು. ಮೇಷ್ಟ್ರು ಮಾತ್ರ, “ತಪ್ಪು ನಂದಮ್ಮ. ಸೋಮವಾರ ಬನ್ನಿ,” ಎಂದಷ್ಟೇ ಹೇಳಿದರು.

ಮೂರು ವಾರದ ಕೆಲಸವನ್ನು ಒಂದೇ ಮಧ್ಯಾಹ್ನ ಬಿಚ್ಚಿಹಾಕಿ, ಪ್ರತಿ ಫಿಲ್ಟರಿನ ಎರಡೂ ತುದಿಗೆ ವಿದ್ಯುತ್ತಿನಿಂದ ಟಕ್ಕೆಂದು ಮುಚ್ಚಿ ತೆರೆಯುವ ಪುಟ್ಟ ಸ್ವಿಚ್ಚುಗಳನ್ನು, ಅಂದರೆ ರಿಲೇಗಳನ್ನು, ಕೂರಿಸಿದರು. ಜೊತೆಗೆ ಸದ್ದಿಗೆಂದೇ ಇನ್ನೊಂದು ರಿಲೇ: ಮೊದಲ ಫಿಲ್ಟರಿಗೆ ಒಮ್ಮೆ, ಐದನೆಯದಕ್ಕೆ ಐದು ಸಲ ಟಕ್ ಎನ್ನಲು. ಸೋಮವಾರ ಅಕ್ಕ ಬಂದು ಗುಂಡಿ ಒತ್ತಿದರು, ಎಣಿಸಿದರು, ಹೆಡ್‌ಫೋನ್ ಏರಿಸಿ, ಬರೆದುಕೊಳ್ಳುತ್ತಿದ್ದ ನನ್ನ ಪೆನ್ಸಿಲ್ಲಿಗಿಂತ ವೇಗವಾಗಿ ಮೋರ್ಸ್ ಬಿಡಿಸಿ ಹೇಳತೊಡಗಿದರು. ಆ ಡಯೋಡುಗಳ ಹಠ ನನ್ನದಾಗಿತ್ತೆಂದು ಮೇಷ್ಟ್ರು ಇಂದಿಗೂ ಯಾರಲ್ಲೂ ಆಡಿಲ್ಲ. ಹಾಗಾಗಿ ನಾನೇ ಇಲ್ಲಿ ಬರೆದಿದ್ದೇನೆ.

ಅಕ್ಕ ಪರೀಕ್ಷೆ ಗೆದ್ದರು. ಇಂದು ರೇಡಿಯೊದಲ್ಲಿ ಅವರ ಹೆಸರಿನಂತಿರುವ ಕರೆಗುರುತು ದೂರದೂರದ ಹವ್ಯಾಸಿಗಳಿಗೆಲ್ಲ ಪರಿಚಿತ. ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ನಾಲ್ಕು ಮಾತು ಕೇಳಲು ಹೋದರೆ, “ಹೊಗಳೋ ಕೆಲಸ ನೀವೇ ಮಾಡಿ. ನನಗೆ ಆರನೇ ಫಿಲ್ಟರ್ ಬೇಕು, ರಿಟೈರ್ ಆದೆ ಅಂತ ತಪ್ಪಿಸ್ಕೋಬೇಡಿ ಅಂತ ಸಾರ್‌ಗೆ ಹೇಳಿ,” ಎಂದರು.

ಹೇಳಲು ಹೋದಾಗ ಮೇಷ್ಟ್ರು ಆಗಲೇ ತಂತಿ ಸುತ್ತುತ್ತ ಕೂತಿದ್ದರು. ಅವರ ಆಯುಸ್ಸೂ ಆರೋಗ್ಯವೂ ಕೈಯ ಹದವೂ ಹೀಗೇ ಬೆಳೆಯಲಿ. ಏಳನೆಯದಕ್ಕೆ ನಾನು ಸರದಿಯಲ್ಲಿ ನಿಂತಿದ್ದೇನೆ.